ಸರಿಸಿದ ಪಾಯಿಂಟನ್ನು ವಾಪಸ್ ತರಬೇಡಿ

4.2 ÷ 0.6 = 0.7.

ಈ ಉತ್ತರಕ್ಕೆ ಎಷ್ಟು ನೋಟ್‌ಬುಕ್ಕುಗಳಲ್ಲಿ ಕೆಂಪು ಸುತ್ತು ಹಾಕಿದ್ದೇನೋ ಲೆಕ್ಕವಿಲ್ಲ. ತಮಾಷೆ ಅಂದರೆ, ಹೀಗೆ ಬರೆಯುವ ಮಗುವಿಗೆ ಭಾಗಾಕಾರ ಬರುತ್ತದೆ. ಎರಡೂ ಕಡೆ ಪಾಯಿಂಟನ್ನು ಒಂದು ಮನೆ ಸರಿಸಿರುತ್ತದೆ. 42ನ್ನು 6ರಿಂದ ಭಾಗಿಸಿ 7 ಅಂತ ಸರಿಯಾಗಿಯೇ ತಂದಿರುತ್ತದೆ. ಕೆಡುವುದು ಆಮೇಲೆ. ಒಮ್ಮೆ ಒಬ್ಬ ಹುಡುಗಿಯನ್ನು ಹತ್ತಿರ ಕರೆದು, "ಏಳು ಬಂದಿತ್ತಲ್ಲ, ಈ ಪಾಯಿಂಟ್ ಎಲ್ಲಿಂದ ಬಂತಮ್ಮಾ?" ಅಂತ ಕೇಳಿದೆ. "ಮೊದಲು ಒಂದು ಮನೆ ಸರಿಸಿದ್ದೆನಲ್ಲ ಮಿಸ್, ಅದನ್ನ ವಾಪಸ್ ಇಟ್ಟೆ" ಅಂದಳು. ಸಾಲ ತೀರಿಸಿ ಬಂದವರ ಮುಖ. ಬೈಯುವುದಾದರೂ ಹೇಗೆ?

ತಪ್ಪು ಅವಳದಲ್ಲ. ಪಾಯಿಂಟ್ ಮರೆತು ಗುಣಿಸು, ಕೊನೆಗೆ ಮನೆ ಎಣಿಸಿ ಪಾಯಿಂಟ್ ಇಡು ಅಂತ ಗುಣಾಕಾರದಲ್ಲಿ ನಾವೇ ಹೇಳಿಕೊಟ್ಟಿದ್ದೇವೆ. ಅವಳು ಅದನ್ನೇ ಇಲ್ಲಿಗೂ ತಂದಳು. ಅದರ ಮೇಲೆ ಮನೆಯಲ್ಲಿ ದೊಡ್ಡವರು "ಸುಮ್ನೆ ಪಾಯಿಂಟ್ ಹಾರಿಸು, ಅಷ್ಟೇ" ಅಂದಿರುತ್ತಾರೆ. ಈ ಹಾರಿಸುವ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾಕೆ ಹಾರಿಸಬೇಕು, ಎಷ್ಟು ಹಾರಿಸಬೇಕು, ಹಾರಿದ್ದು ಕೆಳಗೆ ಇಳಿಯಬೇಕಾ ಬೇಡವಾ, ಮಗುವಿಗೆ ಹೇಗೆ ಗೊತ್ತಾಗಬೇಕು?

ಪಾಯಿಂಟ್ ಹಾರುವುದಿಲ್ಲ. ನಾವು ಎರಡೂ ಸಂಖ್ಯೆಗಳನ್ನು ಹತ್ತರಿಂದ ಗುಣಿಸುತ್ತಿದ್ದೇವೆ. ಇದನ್ನು ಬೋರ್ಡಿನ ಮೇಲೆ ಹೇಳಿದರೆ ತಲೆ ಆಡಿಸುತ್ತಾರೆ, ತಲೆಗೆ ಹೋಗುವುದಿಲ್ಲ. ಹಾಗಾಗಿ ರಿಬ್ಬನ್ ತರುತ್ತೇನೆ. 4.2 ಮೀಟರ್ ಉದ್ದದ್ದು. 0.6 ಮೀಟರಿನ ತುಂಡು ಎಷ್ಟಾಗುತ್ತವೆ? ಅಳೆದು, ಮಡಚಿ, ಜಗಳವಾಡಿ ಏಳು ಅನ್ನುತ್ತಾರೆ. ಅದನ್ನೇ ಸೆಂಟಿಮೀಟರಿನಲ್ಲಿ ಹೇಳಿ ಅನ್ನುತ್ತೇನೆ. 420 ಸೆಂಟಿಮೀಟರ್ ರಿಬ್ಬನ್, 60 ಸೆಂಟಿಮೀಟರ್ ತುಂಡು. ಈಗ ಎಷ್ಟು ತುಂಡು? ಮಿಲಿಮೀಟರಿನಲ್ಲಿ 4200 ಮತ್ತು 600. ಈಗ? ಅಷ್ಟು ಹೊತ್ತಿಗೆ ಹಿಂದಿನ ಬೆಂಚಿನಿಂದ ಯಾರೋ "ಅದೇ ರಿಬ್ಬನ್ ಅಲ್ವಾ ಮಿಸ್, ಏಳೇ" ಅಂತ ಬೇಜಾರಿನಿಂದ ಹೇಳುತ್ತಾರೆ. ನನಗೆ ಬೇಕಾದದ್ದು ಆ ಬೇಜಾರೇ. ಅಳತೆಯನ್ನು ಬೇರೆ ಥರ ಹೇಳಿದೆವು, ತುಂಡುಗಳ ಲೆಕ್ಕ ಹಾಗೇ ಉಳಿಯಿತು. ಉತ್ತರ ಜಾಗ ಬಿಟ್ಟು ಕದಲಿಲ್ಲ ಅಂದಮೇಲೆ ವಾಪಸ್ ತರುವುದು ಏನನ್ನು?

"ಹಾಗಾದರೆ ಗುಣಾಕಾರದಲ್ಲಿ ಯಾಕೆ ತರಬೇಕು?" ಅಂತ ಕೇಳುವ ಮಗು ಸಿಕ್ಕಿದರೆ ಆ ದಿನ ಚೆನ್ನಾಗಿರುತ್ತದೆ. 4.2ನ್ನು 42 ಮಾಡಿದರೆ ಗುಣಲಬ್ಧ ಹತ್ತು ಪಟ್ಟು ಊದುತ್ತದೆ. 0.6ನ್ನು 6 ಮಾಡಿದರೆ ಮತ್ತೆ ಹತ್ತು ಪಟ್ಟು. ನೂರು ಪಟ್ಟು ಊದಿದ 252ನ್ನು 2.52ಕ್ಕೆ ಇಳಿಸಲೇಬೇಕು. ಭಾಗಾಕಾರದಲ್ಲಿ ಈ ಹತ್ತು ಆ ಹತ್ತನ್ನು ಹೊಡೆದುಹಾಕುತ್ತದೆ.

0.7 ನೋಡಿದಾಗ ಮಕ್ಕಳಿಗೆ ಅನುಮಾನ ಬರದಿರಲು ಇನ್ನೊಂದು ಕಾರಣವಿದೆ. ಭಾಗಿಸಿದರೆ ಕಡಿಮೆಯೇ ಆಗಬೇಕು ಅಂತ ಅವರ ನಂಬಿಕೆ. 6 ÷ 0.5ಕ್ಕೆ 12 ತೋರಿಸಿದ ಕ್ಯಾಲ್ಕುಲೇಟರನ್ನು ಒಬ್ಬ ಹುಡುಗ "ಹಾಳಾಗಿದೆ" ಅಂತ ನನ್ನ ಮೇಜಿನ ಮೇಲೆ ತಂದಿಟ್ಟಿದ್ದ. ಆರರಲ್ಲಿ ಅರ್ಧಗಳು ಎಷ್ಟಿವೆ ಎಣಿಸು ಅಂದೆ. ಬೆರಳು ಮಡಚಿ ಎಣಿಸಿದ. ಕ್ಯಾಲ್ಕುಲೇಟರ್ ಎತ್ತಿಕೊಂಡು ಸುಮ್ಮನೆ ಹೋದ.

0.36 ÷ 1.2ರಂಥ ಲೆಕ್ಕದಲ್ಲಿ ಇನ್ನೊಂದು ಎಡವಟ್ಟು. ಮೇಲಿನದಕ್ಕೆ ಎರಡು ಮನೆ, ಕೆಳಗಿನದಕ್ಕೆ ಒಂದೇ ಮನೆ ಸರಿಸಿ, 36 ÷ 12, ಉತ್ತರ 3 ಅನ್ನುತ್ತಾರೆ. ಒಂದನ್ನು ಸೆಂಟಿಮೀಟರ್ ಮಾಡಿ ಇನ್ನೊಂದನ್ನು ಡೆಸಿಮೀಟರ್ ಮಾಡಿದ ಹಾಗೆ. ಭಾಜಕ ಪೂರ್ಣಸಂಖ್ಯೆ ಆದರೆ ಸಾಕು. 3.6 ÷ 12, ಅಂದರೆ 0.3. ಇಲ್ಲಿ ಪಾಯಿಂಟ್ ಇದೆಯಲ್ಲ ಅಂದರೆ, ಹೌದು, ಅದು ಭಾಗಿಸುವಾಗಲೇ ಬಂದದ್ದು, ವಾಪಸ್ ತಂದದ್ದಲ್ಲ.

ಅಂದಹಾಗೆ, ಫ್ಲೆಮಿಶ್ ಗಣಿತಜ್ಞ ಸೈಮನ್ ಸ್ಟೆವಿನ್ 1585ರಲ್ಲಿ ದಶಮಾಂಶದ ಬಗ್ಗೆ ಚಿಕ್ಕ ಪುಸ್ತಕ ಬರೆದಾಗ ಅದರಲ್ಲಿ ಪಾಯಿಂಟೇ ಇರಲಿಲ್ಲ. ಪ್ರತಿ ಅಂಕಿಯ ಜೊತೆ ಅದರ ಸ್ಥಾನವನ್ನು ಒಂದು ಸಣ್ಣ ಸುತ್ತಿನೊಳಗೆ ಬರೆದಿದ್ದ. ಹಾರಿಸಲು ಏನೂ ಇರಲಿಲ್ಲ, ಪುಣ್ಯವಂತ.

ರಿಬ್ಬನ್ ಎಲ್ಲ ಮಕ್ಕಳಿಗೂ ನಾಟುತ್ತದೆ ಅಂತ ಹೇಳಲಾರೆ. ಕೆಲವರಿಗೆ ಲೆಕ್ಕವನ್ನು ಭಿನ್ನರಾಶಿಯಾಗಿ ಬರೆದು ಅಂಶ, ಛೇದ ಎರಡನ್ನೂ ಹತ್ತರಿಂದ ಗುಣಿಸಿ ತೋರಿಸಿದರೆ ಬೇಗ ಹಿಡಿಯುತ್ತಾರೆ. ಭಿನ್ನರಾಶಿಯಲ್ಲೇ ತೊಡಕಿದ್ದವರಿಗೆ ಅದು ಮತ್ತೊಂದು ಹೊರೆ. ಮಗು ನೋಡಿ ದಾರಿ ಆರಿಸಿಕೊಳ್ಳಬೇಕು.

ಆ ಹುಡುಗಿಗೆ ರಿಬ್ಬನ್ನೇ ಸಾಕಾಯಿತು. ಒಂದೆರಡು ವಾರದ ನಂತರ 7.5 ಮೀಟರಿನಲ್ಲಿ 0.2 ಮೀಟರಿನ ಪೂರ್ತಿ ತುಂಡು ಎಷ್ಟು, ಉಳಿಯುವುದೆಷ್ಟು ಅಂತ ಕೊಟ್ಟಿದ್ದೆ. 75ನ್ನು 2ರಿಂದ ಭಾಗಿಸಿ, 37 ತುಂಡು, ಉಳಿದದ್ದು 1 ಮೀಟರ್ ಅಂತ ಬರೆದಳು.

"ಒಂದು ಮೀಟರ್ ಉಳಿದಿದ್ದರೆ ಇನ್ನೂ ಐದು ತುಂಡು ಕತ್ತರಿಸಬಹುದಲ್ಲಮ್ಮ?"

ಯೋಚಿಸಿದಳು. 37 × 0.2 ಮಾಡಿ ನೋಡಿದಳು. 7.4 ಬಂತು. ಉಳಿದದ್ದು 0.1 ಮೀಟರ್, ಗೇಣಿಗಿಂತ ಕಡಿಮೆ. ಹತ್ತು ಪಟ್ಟು ಮಾಡಿದಾಗ ತುಂಡಿನ ಎಣಿಕೆ ಹಾಗೇ ಇತ್ತು, ಶೇಷ ಮಾತ್ರ ಹತ್ತು ಪಟ್ಟಾಗಿತ್ತು.

"ಅಂದ್ರೆ ಇದನ್ನ ವಾಪಸ್ ತರಬೇಕಾ ಮಿಸ್?"

ಹೌದು, ಇದೊಂದನ್ನು ಮಾತ್ರ, ಅಂದೆ. ಮೊನ್ನೆಯಿಂದ ಬೇಡ ಬೇಡ ಅಂತ ಬಡಿದುಕೊಂಡವಳು ನಾನೇ ಅಲ್ವಾ. ಅವಳು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.