ಹಿಮದ ನೆರಳಿಗೆ ಯಾವ ಬಣ್ಣ? ಚಳಿಗಾಲದ ತೈಲಚಿತ್ರಕ್ಕೆ ಒಂದು ಟಿಪ್ಪಣಿ

ಕಾಸರಗೋಡಿನಲ್ಲಿ ಕೂತು ಇಂಪ್ರೆಷನಿಸ್ಟ್ ಶೈಲಿಯಲ್ಲಿ (ಆ ಕ್ಷಣದ ಬೆಳಕು, ಬಣ್ಣಗಳನ್ನು ಬಿಡಿ ಬಿಡಿ ಬ್ರಷ್ ಗೆರೆಗಳಲ್ಲಿ ಹಿಡಿಯುವ ಶೈಲಿ) ಹಿಮದ ಚಿತ್ರ ಮಾಡಲು ಹೊರಟಾಗ ಕೈ ಮೊದಲು ಹೋಗುವುದು ಬಿಳಿ ಬಣ್ಣದ ಟ್ಯೂಬಿಗೆ. ಹಿಮ ಅಂದರೆ ಬಿಳಿ ಅಲ್ವಾ! ಆದರೆ ಇಡೀ ನೆಲಕ್ಕೆ ಬಿಳಿ ಹಚ್ಚಿದ ಮೇಲೆ ಬಿಸಿಲು ತೋರಿಸಲು ಅದಕ್ಕಿಂತ ಬೆಳ್ಳಗಿನ ಬಣ್ಣ ಉಳಿಯುವುದಿಲ್ಲ. ಶುದ್ಧ ಬಿಳಿಯನ್ನು ಕೊನೆಯವರೆಗೂ ಮುಟ್ಟಬೇಡಿ.

ಈ ಶೈಲಿಯ ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆ 1868–69ರ ಚಳಿಗಾಲದಲ್ಲಿ ಫ್ರಾನ್ಸಿನ ಎತ್ರೆತಾ ಬಳಿ ಮಾಡಿದ ‘ಲಾ ಪೀ’ (ಮ್ಯಾಗ್‌ಪೈ ಹಕ್ಕಿ) ಚಿತ್ರವನ್ನು ನಿಧಾನವಾಗಿ ನೋಡಿ. ಈಗ ಅದು ಪ್ಯಾರಿಸ್ಸಿನ ಒರ್ಸೇ ಮ್ಯೂಸಿಯಂನಲ್ಲಿದೆ. ಬಿಸಿಲು ಬೇಲಿಯ ಆಚೆಯಿಂದ ಬರುತ್ತಿದೆ, ನೆರಳು ನಮ್ಮ ಕಡೆಗೆ ಚಾಚಿದೆ. ಆ ನೆರಳು ನೀಲಿ, ಅಲ್ಲಲ್ಲಿ ನೇರಳೆ. ಬಿಸಿಲು ಬಿದ್ದ ಹಿಮಕ್ಕೆ ಕೆನೆಬಣ್ಣ. ಗೇಟಿನ ಮೇಲೆ ಒಂದು ಪುಟ್ಟ ಕಪ್ಪು ಹಕ್ಕಿ. ಅದು ಇರುವುದರಿಂದಲೇ ಸುತ್ತಲಿನ ಬೆಳಕು ಇನ್ನೂ ಜಾಸ್ತಿ ಅನ್ನಿಸುತ್ತದೆ. ಇಂಥ ಚಿತ್ರವನ್ನು ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನವಾದ ಸಲೋನ್‌ಗೆ 1869ರಲ್ಲಿ ತೆಗೆದುಕೊಳ್ಳಲಿಲ್ಲ!

ನೆರಳು ನೀಲಿಯಾಗಲು ಕಾರಣ ಸರಳ. ನೆರಳಿನ ಜಾಗಕ್ಕೆ ನೇರ ಬಿಸಿಲು ತಾಗುವುದಿಲ್ಲ, ನೀಲಿ ಆಕಾಶದ ಬೆಳಕು ಮಾತ್ರ ಬೀಳುತ್ತದೆ. ಬಿಳಿ ಹಿಮ ಆ ಬಣ್ಣವನ್ನು ಹಾಗೇ ತೋರಿಸುತ್ತದೆ.

ಇದನ್ನು ಕಲಿಯಲು ಹಿಮವೇ ಬೇಕೆಂದಿಲ್ಲ. ಡಿಸೆಂಬರ್ ಬೆಳಗ್ಗೆ ಅಂಗಳದಲ್ಲಿ ಒಣಹಾಕಿದ ಬಿಳಿ ಮುಂಡಿನ ಮೇಲೆ ಕಂಗಿನ (ಅಡಿಕೆ ಮರದ) ನೆರಳು ಬಿದ್ದಿರುತ್ತದೆ. ಬೂದು ಬಣ್ಣದ ರಟ್ಟಿಗೆ ಸಣ್ಣ ತೂತು ಮಾಡಿ, ಅದರ ಮೂಲಕ ಆ ನೆರಳನ್ನು ಮಾತ್ರ ನೋಡಿ. ‘ಬಿಳಿ ಬಟ್ಟೆ’ ಎಂಬುದು ಮರೆತು ಬಣ್ಣ ಕಾಣಲು ಶುರುವಾಗುತ್ತದೆ. ಒಂದು ಎಚ್ಚರ ಮಾತ್ರ ಬೇಕು. ನಮ್ಮದು ಕೆಂಪು ಮಣ್ಣು. ಅಂಗಳದ ಕೆಂಪು ಬಟ್ಟೆಯ ಕೆಳಭಾಗಕ್ಕೆ ಪ್ರತಿಫಲಿಸುತ್ತದೆ. ಹಿಮ ಮುಚ್ಚಿದ ನೆಲದಲ್ಲಿ ಆ ಕೆಂಪು ಇರುವುದಿಲ್ಲ, ಅದನ್ನು ಚಿತ್ರಕ್ಕೆ ತರಬೇಡಿ.

ಬಣ್ಣ ಬೆರೆಸುವುದು ಹೀಗೆ: ನೆರಳಿಗೆ ಬಿಳಿಯಲ್ಲಿ ಅಲ್ಟ್ರಾಮರೀನ್ (ಗಾಢ ನೀಲಿ), ಚೂರು ಅಲಿಝರಿನ್ ಕ್ರಿಮ್ಸನ್ (ಕಡುಗೆಂಪು). ಬಿಸಿಲಿಗೆ ಬಿಳಿಯ ಜೊತೆ ತುಸುವೇ ಯೆಲ್ಲೋ ಓಕರ್ (ಮಣ್ಣಿನ ಹಳದಿ). ಬೋಳು ಮರಗಳಿಗೆ ಟ್ಯೂಬಿನ ಕಪ್ಪು ಬೇಡ, ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಅಂಬರ್ (ಕಡುಗಂದು) ಸಾಕು. ಮೊದಲು ಕ್ಯಾನ್ವಾಸಿಗೆ ತೆಳುವಾಗಿ ಓಕರ್ ಬಳಿದು ಒಣಗಿಸಿ. ಮೇಲಿನ ನೀಲಿ ಗೆರೆಗಳ ಸಂದಿನಲ್ಲಿ ಅದು ಇಣುಕಿದಾಗ ಚಳಿಯ ನಡುವೆ ಬೆಚ್ಚಗಿನ ಬೆಳಕು ಬರುತ್ತದೆ, ನನಗೆ ತುಂಬ ಇಷ್ಟವಾದ ಭಾಗ ಇದು. ಬ್ರಷ್ ಒಮ್ಮೆ ಇಟ್ಟ ಮೇಲೆ ಸುಮ್ನೆ ಬಿಟ್ಟುಬಿಡಿ. ಹಸಿ ಬಣ್ಣವನ್ನು ಪದೇ ಪದೇ ಉಜ್ಜಿದರೆ ನೀಲಿ, ಹಳದಿ ಎಲ್ಲ ಕಲಸಿ ರಾಡಿಯಾಗುತ್ತದೆ.

ಮೋಡದ ದಿನದ ಹಿಮ ಬೇರೆ. ನಮ್ಮ ಪೊಸಡಿಗುಂಪೆ ಗುಡ್ಡದಲ್ಲಿ ಮಂಜು ಕವಿದ ಬೆಳಗ್ಗೆ ಕಾಣುವಂತೆ, ಅಲ್ಲೂ ಅಂಚುಗಳು ಕರಗುತ್ತವೆ. ನೆರಳಿಗೆ ಗಟ್ಟಿ ಆಕಾರ ಇರುವುದಿಲ್ಲ. ಸಾಮಾನ್ಯವಾಗಿ ಆಕಾಶವೇ ನೆಲಕ್ಕಿಂತ ಬೆಳ್ಳಗೆ. ಆಗ ನೀಲಿ ಕಡಿಮೆ ಮಾಡಿ, ಬೂದು ಜಾಸ್ತಿ ಮಾಡಿ.

ಇನ್ನು ಒಣಗಿಸುವ ವಿಷಯ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ನೀರಿನ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಇದು ನಿಧಾನ, ಟೈಟಾನಿಯಂ ವೈಟ್ ಎಂಬ ಬಿಳಿ ಬಣ್ಣವಂತೂ ಮೊದಲೇ ನಿಧಾನ. ಹಾಗಾಗಿ ಕೆಳಪದರ ತೆಳು, ಎಣ್ಣೆ ಕಡಿಮೆ ಇರಲಿ. ದಪ್ಪ ಬಿಳಿ ಕೊನೆಗೆ. ಚಿತ್ರವನ್ನು ಕಪಾಟಿನ ಕತ್ತಲಲ್ಲಿ ಇಡಬೇಡಿ, ಎಣ್ಣೆ ಹಳದಿಗಟ್ಟಿ ಹಿಮ ಮಾಸಿದಂತೆ ಕಾಣುತ್ತದೆ. ಹಾಗಾದರೆ ಕೆಲವು ದಿನ ಬೆಳಕಿರುವ ಕೋಣೆಯಲ್ಲಿ ಇಡಿ, ಹಳದಿ ಸಾಕಷ್ಟು ತಿಳಿಯಾಗುತ್ತದೆ.