ಟಿ.ವಿ.ಯ ಗುಣವನ್ನು ಕಪ್ಪಿನಲ್ಲಿ ಅಳೆಯಬೇಕು

ಟಿ.ವಿ. ಮಾರುವ ಮಳಿಗೆಗಳಲ್ಲಿ ಸಾಲಾಗಿ ತೂಗುಹಾಕಿದ ಪರದೆಗಳ ಮೇಲೆ ಹೂದೋಟ, ಬಣ್ಣದ ಹಕ್ಕಿ, ನೀಲಿ ಕಡಲುಗಳೇ ಓಡುತ್ತಿರುತ್ತವೆ; ಕತ್ತಲೆಯ ದೃಶ್ಯವನ್ನು ಅಲ್ಲಿ ತೋರಿಸುವುದು ಅಪರೂಪ. ಅದಕ್ಕೆ ಕಾರಣವಿದೆ. ಪ್ರಖರ ದೀಪಗಳ ಕೆಳಗೆ ಬಣ್ಣವನ್ನು ಮೆರೆಸುವ ಕೆಲಸವನ್ನು ಇಂದು ಅಗ್ಗದ ಟಿ.ವಿ. ಕೂಡ ಮಾಡುತ್ತದೆ, ಆದರೆ ಕಪ್ಪನ್ನು ಕಪ್ಪಾಗಿಯೇ ತೋರಿಸುವುದು ಕೆಲವಕ್ಕೆ ಮಾತ್ರ ಸಾಧ್ಯ. 43 ಇಂಚಿನ ಸ್ಮಾರ್ಟ್ ಟಿ.ವಿ. ಕೊಳ್ಳಲು ಹೊರಟವರು ಪೆಟ್ಟಿಗೆಯ ಮೇಲಿನ 4ಕೆ (ಚಿತ್ರದ ಚುಕ್ಕಿಗಳಾದ ಪಿಕ್ಸೆಲ್‌ಗಳ ಎಣಿಕೆ), ಎಚ್‌ಡಿಆರ್ (ಬೆಳಕು-ನೆರಳಿನ ಹೆಚ್ಚಿನ ಹರವು) ಎಂಬ ಮುದ್ರೆಗಳನ್ನು ಹೋಲಿಸುವುದರಲ್ಲೇ ತೊಡಗಿರುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಕೇಳಬೇಕಾದ ಮೊದಲ ಪ್ರಶ್ನೆ, ಈ ಪರದೆ ಬೆಳಕನ್ನು ಎಷ್ಟು ಚೆನ್ನಾಗಿ ತಡೆಯಬಲ್ಲದು ಎಂಬುದು.

ಈ ಗಾತ್ರದ ಸಾಮಾನ್ಯ ಬೆಲೆಯ ಟಿ.ವಿ.ಗಳಲ್ಲಿ ಎಲ್‌ಇಡಿಗಳು ಚಿತ್ರವನ್ನು ಬಿಡಿಸುವುದಿಲ್ಲ. ಅವು ಹಿಂದಿನಿಂದ ಅಥವಾ ಅಂಚಿನಿಂದ ಪರದೆಯ ಉದ್ದಗಲಕ್ಕೂ ಬಿಳಿ ಬೆಳಕನ್ನು ಚೆಲ್ಲುತ್ತಿರುತ್ತವೆ, ಅಷ್ಟೇ. ಚಿತ್ರ ಮೂಡುವುದು ಆ ಬೆಳಕಿನ ಮುಂದಿರುವ, ಕೂದಲೆಳೆಗಿಂತಲೂ ತೆಳುವಾದ ದ್ರವಹರಳಿನ (ಲಿಕ್ವಿಡ್ ಕ್ರಿಸ್ಟಲ್) ಪದರದಲ್ಲಿ. ಅದರ ಹಿಂದೊಂದು, ಮುಂದೊಂದು ಧ್ರುವಕ (ಪೋಲರೈಸರ್) ಎಂಬ ಹಾಳೆಯಿದೆ. ಬೆಳಕಿನ ಅಲೆಗಳು ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತವೆ. ಮೊದಲ ಧ್ರುವಕವು ಅವುಗಳಲ್ಲಿ ಒಂದೇ ದಿಕ್ಕಿನ ಕಂಪನವನ್ನು ಒಳಗೆ ಬಿಡುತ್ತದೆ. ಕಿಟಕಿಯ ಲಂಬ ಸರಳುಗಳ ನಡುವೆ ಹಗ್ಗವೊಂದನ್ನು ತೂರಿಸಿ ಮೇಲೆ ಕೆಳಗೆ ಅಲುಗಿಸಿದರೆ ಅಲೆ ಆಚೆ ದಾಟುತ್ತದೆ, ಅಡ್ಡಡ್ಡ ಅಲುಗಿಸಿದರೆ ಸರಳಿಗೆ ತಾಗಿ ನಿಂತುಹೋಗುತ್ತದೆ. ಪರದೆಯ ಹೊರಬದಿಯಲ್ಲಿರುವ ಎರಡನೆಯ ಧ್ರುವಕವನ್ನು ಮೊದಲನೆಯದಕ್ಕೆ ಅಡ್ಡಲಾಗಿ ಇಟ್ಟಿರುವುದರಿಂದ, ನಡುವೆ ಏನೂ ಇಲ್ಲದಿದ್ದರೆ ಬೆಳಕು ಹೊರಬರುವಂತಿಲ್ಲ. ನಡುವಿನ ದ್ರವಹರಳಿನ ಅಣುಗಳು ವಿದ್ಯುತ್ ಒತ್ತಡಕ್ಕೆ ತಕ್ಕಂತೆ ಹೊರಳಿ, ಕಂಪನದ ದಿಕ್ಕನ್ನು ಬದಲಿಸಿ, ಬೇಕಾದಷ್ಟೇ ಬೆಳಕನ್ನು ದಾಟಿಸುತ್ತವೆ. 4ಕೆ ಪರದೆಯೊಂದರಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿದ್ದು, ಪ್ರತಿಯೊಂದಕ್ಕೂ ಕೆಂಪು, ಹಸಿರು, ನೀಲಿ ಶೋಧಕಗಳ ಮೂರು ಭಾಗಗಳಿರುವುದರಿಂದ, ಈ ಹೊರಳಾಟ ಏಕಕಾಲದಲ್ಲಿ ಸುಮಾರು 2.5 ಕೋಟಿ ಕಡೆ ನಡೆಯುತ್ತಿರುತ್ತದೆ. ಎಷ್ಟು ಬಾರಿ ಯೋಚಿಸಿದರೂ ನನಗೆ ಇದರ ಸೋಜಿಗ ತೀರುವುದಿಲ್ಲ.

ಹರಿಯುವ ದ್ರವದಲ್ಲೂ ಹರಳಿನ ಶಿಸ್ತು ಇರಬಹುದೆಂಬ ಸುಳಿವು ಸಿಕ್ಕಿದ್ದು 1888ರಲ್ಲಿ. ಪ್ರಾಗ್ ನಗರದಲ್ಲಿದ್ದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್, ಕೊಲೆಸ್ಟರಾಲ್‌ನ ಸಂಯುಕ್ತವೊಂದು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬು ದ್ರವವಾಗುವುದನ್ನೂ, 178.5 ಡಿಗ್ರಿಯಲ್ಲಿ ಮತ್ತೊಮ್ಮೆ ಬದಲಾಗಿ ತಿಳಿಯಾಗುವುದನ್ನೂ ಗಮನಿಸಿದರು. ಅದರ ಪ್ರಯೋಜನ ಕಾಣಲು ಎಂಬತ್ತು ವರ್ಷಗಳೇ ಹಿಡಿದವು. ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ದೊಡ್ಡದು: ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗವನ್ನು ಮುನ್ನಡೆಸಿ, ಬಳಿಕ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್, ಸಹೋದ್ಯೋಗಿಗಳಾದ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ 1977ರಲ್ಲಿ ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಹರಳು ಸಾಧ್ಯವೆಂದು ತೋರಿಸಿದರು. ಅಲ್ಲಿಯವರೆಗೆ ಅಣು ಕಡ್ಡಿಯಾಕಾರದಲ್ಲೇ ಇರಬೇಕೆಂಬ ನಂಬಿಕೆಯಿತ್ತು. ಮುಂದೆ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆ ಅಣುಗಳನ್ನೇ ಬಳಸಿ, ಕಂಪ್ಯೂಟರ್ ಪರದೆಗಳನ್ನು ಓರೆಯಿಂದ ನೋಡಿದಾಗಲೂ ಚಿತ್ರ ಕೆಡದಂತೆ ಮಾಡುವ ತೆಳುಹಾಳೆಯನ್ನು ತಯಾರಿಸಿತು.

ಓರೆನೋಟದ ಸಮಸ್ಯೆ ಟಿ.ವಿ.ಗಳಲ್ಲಿ ಇಂದಿಗೂ ಪೂರ್ತಿ ನೀಗಿಲ್ಲ, ಮತ್ತು ಅದಕ್ಕೂ ಕಪ್ಪಿಗೂ ನೇರ ನಂಟಿದೆ. ಧ್ರುವಕ, ದ್ರವಹರಳುಗಳ ಈ ಜೋಡಣೆಯೇ ಪ್ಯಾನೆಲ್; ಅದರಲ್ಲಿ ಮುಖ್ಯವಾಗಿ ಎರಡು ಬಗೆ. ವಿಎ ಪ್ಯಾನೆಲ್‌ನಲ್ಲಿ ವಿದ್ಯುತ್ ಇಲ್ಲದಾಗ ಅಣುಗಳು ಗಾಜಿಗೆ ಲಂಬವಾಗಿ ನಿಂತು, ಬೆಳಕಿನ ಕಂಪನವನ್ನು ತಿರುಗಿಸದೆ ಬಿಡುವುದರಿಂದ ಎರಡನೆಯ ಧ್ರುವಕ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಐಪಿಎಸ್ ಪ್ಯಾನೆಲ್‌ನಲ್ಲಿ ಅಣುಗಳು ಗಾಜಿಗೆ ಸಮಾನಾಂತರವಾಗಿ ಮಲಗಿ, ಮಲಗಿದಲ್ಲೇ ಹೊರಳುತ್ತವೆ. ಪಕ್ಕದಿಂದ ನೋಡುವವರಿಗೂ ಬಣ್ಣ ಮಾಸುವುದಿಲ್ಲ, ಆದರೆ ಸೋರುವ ಬೆಳಕು ಹೆಚ್ಚು. ಐಪಿಎಸ್‌ನ ಕಾಂಟ್ರಾಸ್ಟ್ (ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಪ್ರಕಾಶಮಾನ ಎಂಬುದು) ಸುಮಾರು 1000ಕ್ಕೆ 1 ಇದ್ದರೆ, ಒಳ್ಳೆಯ ವಿಎ ಪ್ಯಾನೆಲ್‌ನದು 4000ಕ್ಕೆ 1ರ ಆಸುಪಾಸಿನಲ್ಲಿರುತ್ತದೆ. ಬಿಳಿಯನ್ನು 300 ನಿಟ್ಸ್ (ಪರದೆಯ ಪ್ರಕಾಶದ ಅಳತೆ) ಪ್ರಕಾಶದಲ್ಲಿ ತೋರಿಸುವಾಗ ಐಪಿಎಸ್‌ನ ‘ಕಪ್ಪು’ 0.3 ನಿಟ್ಸ್ ಬೆಳಗುತ್ತಿರುತ್ತದೆ, ವಿಎ ಪ್ಯಾನೆಲ್‌ನದು 0.075 ಮಾತ್ರ. ಹಗಲಿನಲ್ಲಿ ಈ ಅಂತರ ತಿಳಿಯದು. ರಾತ್ರಿ ದೀಪ ಆರಿಸಿ ಕೂತಾಗ ಒಂದರಲ್ಲಿ ಆಕಾಶ ಬೂದಿಯಾಗಿಯೂ ಇನ್ನೊಂದರಲ್ಲಿ ಆಕಾಶವಾಗಿಯೂ ಕಾಣುತ್ತದೆ. ಜಾಹೀರಾತಿನಲ್ಲಿ ಲಕ್ಷಗಳಲ್ಲಿ ಹೇಳುವ ‘ಡೈನಾಮಿಕ್ ಕಾಂಟ್ರಾಸ್ಟ್’ ಹಿಂಬೆಳಕನ್ನೇ ಏರಿಳಿಸಿ ಪಡೆದ ಸಂಖ್ಯೆ. ಒಂದೇ ದೃಶ್ಯದೊಳಗಿನ ಬೆಳಕು ಕತ್ತಲೆಗಳ ಅಂತರವನ್ನು ಅದು ತಿಳಿಸುವುದಿಲ್ಲ.

ಪಿಕ್ಸೆಲ್‌ಗಳ ಮೇಲಿನ ಮೋಹವನ್ನು ಸರಳ ಲೆಕ್ಕವೊಂದು ಇಳಿಸುತ್ತದೆ. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂಟಿಮೀಟರ್. ಫುಲ್ ಎಚ್‌ಡಿಯ 1920 ಪಿಕ್ಸೆಲ್‌ಗಳನ್ನು ಅದರಲ್ಲಿ ಹರಡಿದರೆ ಒಂದೊಂದೂ ಅರ್ಧ ಮಿಲಿಮೀಟರ್‌ನಷ್ಟಿರುತ್ತದೆ. ಆರೋಗ್ಯವಂತ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಬೇರ್ಪಡಿಸಿ ನೋಡಬಲ್ಲದು. ಅದರಂತೆ ಸುಮಾರು 1.7 ಮೀಟರ್‌ಗಿಂತ ಹಿಂದೆ ಕೂತರೆ ಫುಲ್ ಎಚ್‌ಡಿಯ ಪಿಕ್ಸೆಲ್‌ಗಳೇ ಒಂದರಲ್ಲೊಂದು ಬೆರೆತುಹೋಗುತ್ತವೆ. ನಮ್ಮ ನಡುಮನೆಗಳಲ್ಲಿ ಸೋಫಾ ಇರುವುದು ಸಾಮಾನ್ಯವಾಗಿ ಅದಕ್ಕಿಂತ ದೂರದಲ್ಲೇ. ಇಂದು ಈ ಗಾತ್ರದಲ್ಲಿ 4ಕೆ ಪರದೆಗಳೇ ಹೆಚ್ಚಾಗಿ ಸಿಗುವುದರಿಂದ ಅದನ್ನೇ ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಅದಕ್ಕೆಂದು ಒಳ್ಳೆಯ ಕಾಂಟ್ರಾಸ್ಟನ್ನು ಬಿಟ್ಟುಕೊಡಬಾರದು. ಸ್ಟ್ಯಾಂಡರ್ಡ್ ಡೆಫಿನಿಷನ್ ಚಾನೆಲ್‌ನ ಚಿತ್ರ 720 ಗುಣಿಸು 576 ಪಿಕ್ಸೆಲ್‌ಗಳದ್ದು; ಉಳಿದ ಪಿಕ್ಸೆಲ್‌ಗಳನ್ನು ಟಿ.ವಿ. ಊಹಿಸಿ ತುಂಬುತ್ತದೆ. ಎಚ್‌ಡಿಆರ್ ಮುದ್ರೆಯೂ ಹೀಗೆಯೇ ಮೋಸಗೊಳಿಸುತ್ತದೆ. ಅಂಥ ಚಿತ್ರಗಳನ್ನು ಅನೇಕ ವೇಳೆ 1000 ನಿಟ್ಸ್ ಪ್ರಕಾಶಕ್ಕೆ ಹೊಂದಿಸಿ ಸಿದ್ಧಪಡಿಸಿರುತ್ತಾರೆ, ಆದರೆ ಈ ವರ್ಗದ ಟಿ.ವಿ.ಗಳು 300ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಸಂಕೇತವನ್ನು ಟಿ.ವಿ. ಓದಬಲ್ಲದು ಎಂಬುದಷ್ಟೇ ಆ ಮುದ್ರೆಯ ಭರವಸೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ರಾತ್ರಿಯ ಯಕ್ಷಗಾನ ಪ್ರದರ್ಶನದ ಒಳ್ಳೆಯ ಎಚ್‌ಡಿ ದಾಖಲೆಯೊಂದನ್ನು ಪೆನ್‌ಡ್ರೈವ್‌ನಲ್ಲಿ ಮಳಿಗೆಗೆ ಒಯ್ದು, ಸಾಧ್ಯವಾದರೆ ಅಲ್ಲಿನ ದೀಪಗಳನ್ನು ತಗ್ಗಿಸಲು ಹೇಳಿ ನೋಡಿ. ರಂಗಸ್ಥಳದ ಹಿಂದಿನ ಕತ್ತಲೆ ನಿಜವಾಗಿ ಕಪ್ಪಾಗಿದ್ದು, ಕಿರೀಟದ ಹೊನ್ನಬಣ್ಣ ಬೆಳಗಿ, ಕರಿಯ ಬಟ್ಟೆಯ ನೆರಿಗೆಗಳು ಕಪ್ಪಿನಲ್ಲಿ ಕಳೆದುಹೋಗದೆ ಉಳಿದಿದ್ದರೆ ಅದು ಒಳ್ಳೆಯ ಪ್ಯಾನೆಲ್. ಕ್ರಿಕೆಟ್ ಮೈದಾನದ ಹಸಿರಿನ ಮೇಲೆ ಕ್ಯಾಮೆರಾ ಸರಿಯುವಾಗ ಅಲ್ಲಲ್ಲಿ ಕೊಳೆಯಂಥ ಮಚ್ಚೆಗಳು ಕಂಡರೆ ಹಿಂಬೆಳಕು ಸಮನಾಗಿ ಹರಡಿಲ್ಲವೆಂದು ತಿಳಿಯಬಹುದು. ಸುದ್ದಿವಾಹಿನಿಯ ಕೆಳಪಟ್ಟಿಯಲ್ಲಿ ಓಡುವ ಕನ್ನಡ ಅಕ್ಷರಗಳ ಒತ್ತುಗಳು ಕಲಸಿಹೋದರೆ ಅಣುಗಳು ಹೊರಳುವ ವೇಗ ಸಾಲದು. ಕೊನೆಗೆ ಪಕ್ಕಕ್ಕೆ ಸರಿದು ನಿಂತು ಮುಖಗಳ ಬಣ್ಣವನ್ನು ನೋಡಿ. ಮನೆಯವರೆಲ್ಲ ಸುತ್ತಲೂ ಕುಳಿತು ನೋಡುವ ಹಜಾರಕ್ಕೆ ಐಪಿಎಸ್ ಸರಿಹೋಗಬಹುದು, ಎದುರಿಗೇ ಕುಳಿತು ರಾತ್ರಿ ಸಿನಿಮಾ ನೋಡುವವರಿಗೆ ವಿಎ ಲೇಸು.

‘ಸ್ಮಾರ್ಟ್’ ಭಾಗಕ್ಕೆ ನಾನು ಕಡಿಮೆ ಅಂಕ ಮೀಸಲಿಡುತ್ತೇನೆ. ಕನಿಷ್ಠ 2 ಜಿಬಿ ರ‍್ಯಾಮ್ ಇರಲಿ. ವೈಡ್‌ವೈನ್ ಎಲ್‌1 ಮಾನ್ಯತೆ (ಚಿತ್ರಗಳ ಕಳ್ಳನಕಲು ತಡೆಯುವ ವ್ಯವಸ್ಥೆಯ ಮೇಲುಮಟ್ಟ) ಇದೆಯೇ ಎಂದು ಕೇಳಿ, ಅದಿಲ್ಲದಿದ್ದರೆ ಹಲವು ಓಟಿಟಿ ಸೇವೆಗಳು ಎಚ್‌ಡಿ ಚಿತ್ರವನ್ನೇ ಕಳುಹಿಸುವುದಿಲ್ಲ. ಕೆಲವು ವರ್ಷಗಳ ಬಳಿಕ ಆ್ಯಪ್‌ಗಳು ತಡವರಿಸತೊಡಗಿದರೆ ಎಚ್‌ಡಿಎಂಐ ಕಿಂಡಿಗೆ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಸಿಕ್ಕಿಸಿದರಾಯಿತು, ಪ್ಯಾನೆಲ್ಲನ್ನು ಹಾಗೆ ಬದಲಿಸಲಾಗದು. ಮನೆಗೆ ತಂದ ಮೇಲೆ ಮಳಿಗೆಯ ‘ವಿವಿಡ್’ ಮೋಡನ್ನು ತೆಗೆದು ‘ಸಿನಿಮಾ’ ಅಥವಾ ‘ಮೂವಿ’ ಮೋಡಿಗೆ ಹಾಕಿ, ಶಾರ್ಪ್‌ನೆಸ್ ತಗ್ಗಿಸಿ. ವಿವಿಡ್‌ನಲ್ಲಿ ಬಿಳಿಗೆ ನೀಲಿಯನ್ನು ಬೆರೆಸಿರುತ್ತಾರೆ. ಚಿತ್ರ ತಯಾರಿಸುವವರು ಅನುಸರಿಸುವ ಬಿಳಿ, ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಮಾನದಲ್ಲಿ ಸುಮಾರು 6500; ಅದರಲ್ಲಿ ವಿವಿಡ್‌ನಷ್ಟು ನೀಲಿ ಇರುವುದಿಲ್ಲ. ಮೊದಮೊದಲು ಪರದೆ ಹಳದಿಯೆನಿಸಬಹುದು, ಕಣ್ಣು ಹೊಂದಿಕೊಂಡ ಮೇಲೆ ಮುಖಗಳ ಮೈಬಣ್ಣ ಸಹಜವಾಗಿ ಕಾಣತೊಡಗುತ್ತದೆ.