ಪ್ರತಿಫಲಕ್ಕೆ ಆಸೆಪಡುವುದು ತಪ್ಪಾ?

ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ದೇವರ ಕೃಪೆಯಿಂದ ಸಿಗುತ್ತದೆ, ನಮ್ಮ ಕ್ರಿಯೆಗಳಿಂದಲ್ಲ. ಬೈಬಲಿನ ಎಫೆಸ 2:8-9 ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಗಾದರೆ ದೇವರು ಕೊಡುವ ಪ್ರತಿಫಲದ ಮಾತು ಯಾಕೆ ಬರುತ್ತದೆ?

1 ಕೊರಿಂಥ 3:10-15 ತೆರೆಯಿರಿ. ಅಡಿಪಾಯ ಒಂದೇ, ಅದು ಯೇಸು ಕ್ರಿಸ್ತ. ಅದರ ಮೇಲೆ ಒಬ್ಬ ಚಿನ್ನ, ಬೆಳ್ಳಿಯಿಂದ ಕಟ್ಟುತ್ತಾನೆ, ಇನ್ನೊಬ್ಬ ಕಟ್ಟಿಗೆ, ಹುಲ್ಲಿನಿಂದ. ಆಮೇಲೆ ಬೆಂಕಿ ಬರುತ್ತದೆ. ಕಟ್ಟಿದ್ದು ಉಳಿದರೆ ಪ್ರತಿಫಲ, ಸುಟ್ಟುಹೋದರೆ ನಷ್ಟ. ಆದರೆ ನಷ್ಟಪಟ್ಟವನೂ ರಕ್ಷಣೆ ಹೊಂದುತ್ತಾನೆ, ಬೆಂಕಿಯಿಂದ ಪಾರಾದವನ ಹಾಗೆ. ಅಂದರೆ ರಕ್ಷಣೆ ಬೇರೆ, ಪ್ರತಿಫಲ ಬೇರೆ. ಈ ಪತ್ರ ಬರೆದ ಪೌಲ ಇಲ್ಲಿ ಮೊದಲು ಹೇಳುತ್ತಿರುವುದು ತನ್ನಂಥ, ಜೊತೆಗಾರ ಅಪೊಲ್ಲೋಸನಂಥ ಕ್ರೈಸ್ತ ಸಭೆ ಕಟ್ಟುವವರ ವಿಷಯ. ಆ ಸಂದರ್ಭ ಮರೆಯಬೇಡಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಕೊಲೊಸ್ಸೆ 3:22-24. ಯಾರಿಗೆ ಹೇಳಿದ ಮಾತು ಅಂತ ಗಮನಿಸಿ: ದಾಸರಿಗೆ. ರೋಮ್ ಸಾಮ್ರಾಜ್ಯದ ಕಾನೂನಿನಲ್ಲಿ ದಾಸನಿಗೆ ಸ್ವಂತ ಆಸ್ತಿ ಇರಲಿಲ್ಲ, ಅವನೇ ಯಜಮಾನನ ಸ್ವತ್ತು. ಇಡೀ ದಿನ ದುಡಿದರೂ ಮನೆಯ ಪಾಲು ಹೋಗುವುದು ಯಜಮಾನನ ಮಕ್ಕಳಿಗೆ. ಅಂಥವನಿಗೆ ಪೌಲ, ಕರ್ತನಿಂದ ನಿನಗೆ ಬಾಧ್ಯತೆ, ಅಂದರೆ ಆಸ್ತಿಯ ಪಾಲು, ಸಿಗುತ್ತದೆ ಅನ್ನುತ್ತಾನೆ. ಕೂಲಿ ಅಲ್ಲ, ಮಗನ ಪಾಲು! ಯಜಮಾನ ನೋಡದೇ ಇದ್ದಾಗಲೂ ಅವನು ಮನಸ್ಸಿಟ್ಟು ಕೆಲಸ ಮಾಡಬಹುದಾಗಿದ್ದು ಇದೇ ಕಾರಣಕ್ಕೆ.

ಮತ್ತಾಯ 6 ಇದರ ಇನ್ನೊಂದು ಮುಖ. ಜನ ನೋಡಲಿ ಅಂತ ದಾನ ಕೊಟ್ಟವನಿಗೆ ಆಗಲೇ ಫಲ ಸಿಕ್ಕಿಬಿಟ್ಟಿದೆ. ಗುಟ್ಟಾಗಿ ಕೊಟ್ಟವನಿಗೆ ತಂದೆ ಕೊಡುತ್ತಾನೆ. ಆ ನಿರೀಕ್ಷೆ ಗಟ್ಟಿಯಾಗಿದ್ದರೆ ಇಲ್ಲಿ ಯಾರೂ ಹೊಗಳದಿದ್ದರೂ ನಡೆಯುತ್ತದೆ, ಅಲ್ವಾ? ಇಬ್ರಿಯ 11:26ರ ಮೋಶೆಯೂ ಹೀಗೇ. ಬರುವ ಪ್ರತಿಫಲದ ಮೇಲೆ ಕಣ್ಣಿಟ್ಟಿದ್ದರಿಂದಲೇ ಐಗುಪ್ತದ (ಈಜಿಪ್ಟಿನ) ಐಶ್ವರ್ಯ ಅವನನ್ನು ಹಿಡಿದಿಡಲಿಲ್ಲ.

ಹಾಗಂತ ಲೆಕ್ಕ ಹಾಕುತ್ತಾ ಕೂರುವುದೂ ಅಲ್ಲ. ಮತ್ತಾಯ 19:27ರಲ್ಲಿ ಯೇಸುವಿನ ಶಿಷ್ಯ ಪೇತ್ರ, ಎಲ್ಲಾ ಬಿಟ್ಟು ಬಂದೆವಲ್ಲಾ, ನಮಗೆ ಏನು ಸಿಗುತ್ತದೆ ಅಂತ ನೇರವಾಗಿ ಕೇಳುತ್ತಾನೆ. ಯೇಸು ಗದರುವುದಿಲ್ಲ. ನೂರರಷ್ಟು ಸಿಗುತ್ತದೆ ಅಂತ ಮಾತು ಕೊಡುತ್ತಾನೆ. ಅದರ ಬೆನ್ನಿಗೇ ದ್ರಾಕ್ಷೇತೋಟದ ಕೂಲಿಯವರ ಕಥೆ ಹೇಳುತ್ತಾನೆ. ಸಂಜೆ ಒಂದೇ ತಾಸು ದುಡಿದವರಿಗೂ ಪೂರ್ತಿ ದಿನದ ಕೂಲಿ. ಬೆಳಗ್ಗೆಯಿಂದ ದುಡಿದವರು ಗೊಣಗಿದ್ದು ತಮಗೆ ಕಡಿಮೆ ಕೊಟ್ಟರು ಅಂತಲ್ಲ, ಕಡೆಗೆ ಬಂದವರನ್ನೂ ತಮಗೆ ಸಮ ಮಾಡಿದರು ಅಂತ. ಈ ಎರಡು ಭಾಗಗಳ ನಡುವೆ ಅಧ್ಯಾಯ ಬದಲಾಗುತ್ತದೆ, ಹಾಗಾಗಿ ನಾವು ಬೇರೆ ಬೇರೆಯಾಗಿ ಓದಿಬಿಡುತ್ತೇವೆ. ಮುಂದಿನ ಸಲ 19:27ರಿಂದ 20:16ರವರೆಗೆ ನಿಲ್ಲಿಸದೆ ಓದಿ ನೋಡಿ.